ಕೊಳ್ಳಿ, ಆದರೆ ನಿಧಾನಕ್ಕೆ ಓದಿ

ಪ್ರಿಯ ಓದುಗರೇ, ನಮಸ್ಕಾರ.

ನಿಮ್ಮ ಪತ್ರದಲ್ಲಿ ಅರ್ಧ ಪ್ರೀತಿ, ಅರ್ಧ ಸಿಟ್ಟು. ಹೈಸ್ಕೂಲಿನಲ್ಲಿದ್ದಾಗ ಹಳೇ ಪುಸ್ತಕದಂಗಡಿಯಲ್ಲಿ ಸಿಕ್ಕ ಎಕ್ಸ್-ಮೆನ್ (ಅಮೆರಿಕದ ಮಾರ್ವೆಲ್ ಕಂಪನಿಯ ಸೂಪರ್‌ಹೀರೋ ತಂಡದ ಕಾಮಿಕ್ಸ್) ಬಿಡಿ ಸಂಚಿಕೆಗಳನ್ನು ಹರಿದುಹೋಗುವ ತನಕ ಓದಿದ್ದಿರಂತೆ. ಈಗ ಅಷ್ಟೊಂದು ದುಡ್ಡು ಕೊಟ್ಟು 'ಅನ್‌ಕ್ಯಾನಿ ಎಕ್ಸ್-ಮೆನ್' ಆಮ್ನಿಬಸ್‌ನ, ಅಂದರೆ ಹಲವು ಸಂಚಿಕೆ ಒಟ್ಟು ಸೇರಿಸಿದ ದಪ್ಪ ಪುಸ್ತಕದ, ಮೊದಲ ಸಂಪುಟ ತರಿಸಿಕೊಂಡು ಒಂದೇ ವಾರಾಂತ್ಯದಲ್ಲಿ ಮುಗಿಸಿದ್ದೀರಿ. ಹೇಳಿದ್ದನ್ನೇ ಹೇಳುತ್ತಾರೆ, ಮಾತು ವಿಪರೀತ ಜಾಸ್ತಿ, ಕಥೆ ಕಾವೇರುವ ಹೊತ್ತಿಗೆ ಸಂಪುಟವೇ ಮುಗಿದುಹೋಯಿತು ಎಂದು ಬೇಜಾರು ಮಾಡಿಕೊಂಡಿದ್ದೀರಿ. "ಕಾಮಿಕ್ಸ್ ಹಳತಾಯಿತೋ, ನನಗೇ ವಯಸ್ಸಾಯಿತೋ? ಮುಂದಿನದು ಕೊಳ್ಳಲೋ ಬೇಡವೋ?" ಅಂತ ಕೇಳಿದ್ದೀರಿ.

ಕೊಳ್ಳಿ. ಆದರೆ ಇಷ್ಟು ಹೇಳಿ ಸುಮ್ಮನಾದರೆ ನಿಮ್ಮ ಉದ್ದನೆಯ ಪತ್ರಕ್ಕೆ ಅನ್ಯಾಯ.

ಸಂಪುಟ ನಡುದಾರಿಯಲ್ಲಿ ಕೈಬಿಟ್ಟಿತು ಎನ್ನುವ ದೂರಿಗೆ ನನ್ನದೂ ಒಂದು ಸಹಿ. 1975ರ 'ಜೈಂಟ್-ಸೈಜ್ ಎಕ್ಸ್-ಮೆನ್'ನಿಂದ ಶುರುವಾಗುವ ಪುಸ್ತಕ 131ನೇ ಸಂಚಿಕೆಗೆ ನಿಲ್ಲುತ್ತದೆ. ತಂಡದ ಜೀನ್ ಎಂಬಾಕೆ ವಿನಾಶಕಾರಿ ಶಕ್ತಿಯಾಗಿ ಬದಲಾಗುವ 'ಡಾರ್ಕ್ ಫೀನಿಕ್ಸ್' ಕಥೆ ಶುರುವಾಗುವುದೇ 129ರಲ್ಲಿ! ಖಳನಾಯಕಿ ಎಮ್ಮಾ ಫ್ರಾಸ್ಟ್ ಜೊತೆಗಿನ ಕಾಳಗ ಆಗಷ್ಟೇ ಮುಗಿದಿರುತ್ತದೆ, ಶತ್ರುಗಳ ಅಡ್ಡೆಯಾದ ಹೆಲ್‌ಫೈರ್ ಕ್ಲಬ್ಬಿನೊಳಗೆ ಯಾರೂ ಇನ್ನೂ ಕಾಲಿಟ್ಟಿರುವುದಿಲ್ಲ, ಅಷ್ಟರಲ್ಲಿ ಹಿಂದಿನ ರಟ್ಟು ಬಂದುಬಿಡುತ್ತದೆ. ಎರಡನೇ ಆಮ್ನಿಬಸ್ ಭಾರ ಅನ್ನಿಸಿದರೆ 'ಎಪಿಕ್ ಕಲೆಕ್ಷನ್' ಸರಣಿಯ ಪೇಪರ್‌ಬ್ಯಾಕ್ ನೋಡಿ. 129ರಿಂದ 143ರವರೆಗಿನ ಸಂಚಿಕೆಗಳು ಅದರಲ್ಲಿ ಒಂದೇ ಪುಸ್ತಕದಲ್ಲಿವೆ. ಮಲಗಿ ಎದೆಯ ಮೇಲಿಟ್ಟುಕೊಂಡು ಓದಬಹುದು. ಆಮ್ನಿಬಸ್ ಇಟ್ಟುಕೊಂಡರೆ ಪಕ್ಕೆಲುಬಿಗೇ ಸಂಚಕಾರ.

ಇನ್ನು ಹೇಳಿದ್ದನ್ನೇ ಹೇಳುವ ವಿಷಯ. ನೀವು ಎರಡು ದಿನದಲ್ಲಿ ಓದಿದ್ದು ಅಮೆರಿಕದ ಓದುಗರಿಗೆ ಸುಮಾರು ಐದು ವರ್ಷ ಕಂತಿನಲ್ಲಿ ಸಿಕ್ಕ ಕಥೆ. 1978ರವರೆಗೆ ಈ ಪತ್ರಿಕೆ ಎರಡು ತಿಂಗಳಿಗೊಮ್ಮೆ ಬರುತ್ತಿತ್ತು, ಆಮೇಲಷ್ಟೇ ಮಾಸಿಕವಾಯಿತು. ಆಗ ಒಂದು ಸಂಚಿಕೆಯಲ್ಲಿ ಕಥೆಗೆ ಸಿಗುತ್ತಿದ್ದದ್ದು ಬರೀ 17 ಪುಟ. ಹುಡುಗರು ಕೊಳ್ಳುತ್ತಿದ್ದದ್ದು ಪೇಪರ್ ಸ್ಟ್ಯಾಂಡಿನಲ್ಲಿ, ಪೆಟ್ಟಿಗೆ ಅಂಗಡಿಯಂಥ ಕಡೆ. ಒಂದು ಸಂಚಿಕೆ ತಪ್ಪಿದರೆ ತಪ್ಪಿದಂತೆಯೇ. ಹಾಗಾಗಿ ತಂಡದ ಕೊಲೋಸಸ್‌ನ ಮೈ ಉಕ್ಕಾಗುತ್ತದೆ, ವುಲ್ವರಿನ್‌ನ ಉಗುರು ಅಡಮಾಂಟಿಯಮ್ ಲೋಹದ್ದು, ಇಕ್ಕಟ್ಟಾದ ಜಾಗ ಕಂಡರೆ ಸ್ಟಾರ್ಮ್‌ಗೆ ಜೀವ ಹಾರುತ್ತದೆ ಎಂದೆಲ್ಲ ಪ್ರತಿ ಸಲ ಹೇಳಲೇಬೇಕಿತ್ತು. ನಮ್ಮ ವಾರಪತ್ರಿಕೆಗಳ ಧಾರಾವಾಹಿಗಳಲ್ಲಿ 'ಇಲ್ಲಿಯವರೆಗೆ' ಅಂತ ನಾಲ್ಕು ಸಾಲು ಇರುತ್ತಿತ್ತಲ್ಲ, ಅದೇ ಕೆಲಸ. ಆ ಧಾರಾವಾಹಿ ಪುಸ್ತಕವಾಗುವಾಗ ಆ ನಾಲ್ಕು ಸಾಲು ಕಿತ್ತುಹಾಕಬಹುದು. ಕಾಮಿಕ್ಸ್‌ನಲ್ಲಿ ಅದು ಪಾತ್ರಗಳ ಬಾಯಲ್ಲೇ ಬರುತ್ತದೆ, ಚಿತ್ರದ ಒಳಗೇ ಕೂತಿರುತ್ತದೆ. ಕೀಳುವುದು ಹೇಗೆ?

ಅದಕ್ಕೇ ನಾನು ಹೇಳುವುದು, ರಾತ್ರಿಗೆ ಒಂದು ಸಂಚಿಕೆ ಸಾಕು. ಹೆಚ್ಚೆಂದರೆ ಎರಡು. ನಡುವೆ ಒಂದು ದಿನ ಬಿಟ್ಟರೆ ಆ ಪುನರಾವರ್ತನೆ ಅರ್ಧಕ್ಕರ್ಧ ಕಣ್ಣಿಗೇ ಬೀಳುವುದಿಲ್ಲ.

ಮಾತು ಜಾಸ್ತಿ ಎನ್ನುವುದು ಬೇರೆ ಕಥೆ. ಕ್ರಿಸ್ ಕ್ಲೇರ್‌ಮಾಂಟ್ 1975ರಿಂದ 1991ರವರೆಗೆ, ಅಂದರೆ 16 ವರ್ಷ, ಈ ಪತ್ರಿಕೆಯನ್ನು ಬಿಡದೆ ಬರೆದರು. ಮಾರ್ವೆಲ್‌ನಲ್ಲಿ ಆಗ ಕೆಲಸದ ಕ್ರಮವೇ ಹಾಗಿತ್ತು. ಮೊದಲು ಕಥೆಯ ಎಳೆ ನಿರ್ಧಾರವಾಗುತ್ತದೆ, ಕಲಾವಿದ ಪುಟಗಳನ್ನು ಬರೆದುಕೊಡುತ್ತಾನೆ, ಮಾತು ಸೇರುವುದು ಆಮೇಲೆ. ಅಂದರೆ ಚಿತ್ರ ಆಗಲೇ ಹೇಳಿಯಾಗಿದೆ, ಅದರ ಮೇಲೆ ಲೇಖಕ ಮತ್ತೊಮ್ಮೆ ಹೇಳುತ್ತಾನೆ. 140ನೇ ಸಂಚಿಕೆಯಲ್ಲಿ ಕೊಲೋಸಸ್ ಒಂದು ಮರದ ಬೊಡ್ಡೆ ಕೀಳುವ ದೃಶ್ಯವಿದೆ. ಕಲಾವಿದ ಜಾನ್ ಬರ್ನ್ ಅದನ್ನು ಸಲೀಸಾಗಿ ಕಿತ್ತಂತೆ ಬರೆದಿದ್ದರು. ಅಚ್ಚಾಗಿ ಬಂದಾಗ ನೋಡಿದರೆ ಅವನು ಏದುಸಿರು ಬಿಟ್ಟು ಕಷ್ಟಪಡುವಂತೆ ಮಾತು ಸೇರಿಕೊಂಡಿತ್ತು. ತಾನು ಪತ್ರಿಕೆ ಬಿಡಲು ಇದೂ ಕಾರಣ ಎಂದು ಬರ್ನ್ ಮುಂದೆ ಹೇಳಿಕೊಂಡಿದ್ದಾರೆ. ಮೂರು ಸಂಚಿಕೆಯ ನಂತರ ಅವರು ಹೊರಟೇಹೋದರು. ಒಂದು ಬೊಡ್ಡೆಗೆ ಇಷ್ಟೆಲ್ಲ!

ಆದರೂ ನಾನು ಕ್ಲೇರ್‌ಮಾಂಟ್ ಕಡೆಯವನು. ಜಗಳ ಹೊಡೆದಾಟದ ಪುಟಗಳಲ್ಲಿ ಅವರ ಮಾತು ಅಡ್ಡ ಬರುತ್ತದೆ, ಒಪ್ಪಿದೆ. ಅಂಥ ಕಡೆ ಮಾತಿನ ಬಲೂನ್‌ಗಳನ್ನು ಬಿಟ್ಟು ಬರೀ ಚಿತ್ರ ನೋಡಿ. ಬರ್ನ್ ಅವರ ಪೆನ್ಸಿಲ್ ಚಿತ್ರಗಳ ಮೇಲೆ ಟೆರ್ರಿ ಆಸ್ಟಿನ್ ಮಾಡಿದ ಶಾಯಿ ಕೆಲಸಕ್ಕೆ ಅಷ್ಟು ಮರ್ಯಾದೆ ಸಲ್ಲಬೇಕು. ಆ ಮಹಾನುಭಾವ ಹಿನ್ನೆಲೆಯಲ್ಲಿ ಆಗಾಗ ಕಾರ್ಟೂನ್ ನಾವಿಕ ಪಾಪಾಯ್‌ನನ್ನೂ ಅಡಗಿಸಿಡುತ್ತಿದ್ದ. ಹೊಡೆದಾಟ ಇಲ್ಲದ ಕಡೆ ಮಾತ್ರ ಮಾತು ಬಿಡಬೇಡಿ. ನಿಮ್ಮ ಸಂಪುಟದಲ್ಲೇ ಇರುವ 98ನೇ ಸಂಚಿಕೆ ತೆಗೆಯಿರಿ. ಕ್ರಿಸ್‌ಮಸ್ ಹಿಂದಿನ ದಿನ, ನ್ಯೂಯಾರ್ಕಿನ ರಾಕ್‌ಫೆಲ್ಲರ್ ಪ್ಲಾಜಾ. ತಂಡದವರು ಸುಮ್ನೆ ಸುತ್ತಾಡಲು ಬಂದಿದ್ದಾರೆ. ಜೀನ್, ಸ್ಕಾಟ್ ಮುತ್ತಿಡುತ್ತಿದ್ದಾರೆ, ಪಕ್ಕದಲ್ಲಿ ಇಬ್ಬರು ದಾರಿಹೋಕರು ಅದರ ಬಗ್ಗೆ ಏನೋ ಗೊಣಗುತ್ತಾರೆ. ಆ ಇಬ್ಬರು ಬೇರೆ ಯಾರೂ ಅಲ್ಲ, 1963ರಲ್ಲಿ ಎಕ್ಸ್-ಮೆನ್ ಶುರುಮಾಡಿದ ಸ್ಟಾನ್ ಲೀ ಮತ್ತು ಜಾಕ್ ಕರ್ಬಿ. ಇಂಥ ಪುಟಗಳಲ್ಲೇ ಇವರೆಲ್ಲ ನಮಗೆ ಮನುಷ್ಯರಾಗುವುದು. ಈ ಪುಟಗಳಿಲ್ಲದಿದ್ದರೆ ಮುಂದೆ ಜೀನ್‌ಗೆ ಏನಾದರೆ ನಮಗೇನು?

ಬಿಡಿ ಸಂಚಿಕೆ ಓದಿದವರಿಗೆ ಸಿಗದ ಒಂದು ಲಾಭವೂ ಸಂಪುಟದಲ್ಲಿದೆ. ಮುಂದಿನ ಪುಸ್ತಕ ತೆರೆಯುವ ಮೊದಲು, ಜೇಸನ್ ವಿನ್‌ಗಾರ್ಡ್ ಎಂಬಾತ ಬರುವ ಪುಟಗಳನ್ನು ಹುಡುಕಿ ಮತ್ತೆ ಓದಿ. ಮೀಸೆ ಬಿಟ್ಟ ಠೀವಿಯ ಮನುಷ್ಯ. ಎಲ್ಲೋ ಎದುರಾಗುತ್ತಾನೆ, ಎರಡು ಮಾತಾಡುತ್ತಾನೆ, ಹೋಗುತ್ತಾನೆ. ಇದ್ದಕ್ಕಿದ್ದಂತೆ ಜೀನ್‌ಗೆ ತಾನು 18ನೇ ಶತಮಾನದಲ್ಲಿ ಇದ್ದಂತೆ ಭಾಸವಾಗುತ್ತದೆ. ಇದೆಲ್ಲ 1979ರಲ್ಲೇ ಬಿತ್ತಿದ ಬೀಜ. ಫಲ ಬರುವುದು 1980ರಲ್ಲಿ. ತಿಂಗಳಿಗೊಂದು ತುಣುಕು ಓದಿದವರು ಇದನ್ನೆಲ್ಲ ಮರೆತೇಬಿಟ್ಟಿರುತ್ತಿದ್ದರು. ನಿಮಗೆ ಪುಟ ಹಿಂದೆ ತಿರುವಿದರೆ ಸಾಕು.

ಕಳೆದುಕೊಳ್ಳುವುದೂ ಇದೆ. 132ನೇ ಸಂಚಿಕೆಯ ಕೊನೆಯಲ್ಲಿ ತಂಡದವರೆಲ್ಲ ಸೆರೆಯಾಗಿದ್ದಾರೆ, ವುಲ್ವರಿನ್ ಮಹಡಿ ಮಹಡಿ ಮುರಿದುಕೊಂಡು ಚರಂಡಿಗೆ ಬಿದ್ದಿದ್ದಾನೆ. ಸತ್ತ ಅಂತಲೇ ಎಲ್ಲರ ಲೆಕ್ಕ. ಕೊನೆಯ ಚಿತ್ರದಲ್ಲಿ ಅವನು ಕತ್ತಲಿನ ನೀರಿನಿಂದ ಮೇಲೆದ್ದು, ಹಲ್ಲು ಕಚ್ಚಿಕೊಂಡು, ಇನ್ನು ನನ್ನ ಸರದಿ ಎನ್ನುತ್ತಾನೆ. ಅಲ್ಲಿಗೆ ಮುಗಿಯಿತು. 1980ರಲ್ಲಿ ಆ ಮುಖ ನೋಡಿಕೊಂಡು ಹುಡುಗರು ಒಂದು ತಿಂಗಳು ಕಾದರು. ನೀವು ಪುಟ ತಿರುವಿದ ತಕ್ಷಣ ಮುಂದಿನದು ಶುರು. ದಯವಿಟ್ಟು ಅಲ್ಲಿ ಪುಸ್ತಕ ಮುಚ್ಚಿಡಿ. ಒಂದು ತಿಂಗಳು ಬೇಡ, ಮಾರನೇ ದಿನದ ತನಕವಾದರೂ ತಡೆದುಕೊಳ್ಳಿ.

ಹಳತಾಗಿರುವುದು ಏನೂ ಇಲ್ಲವೇ? ಇದೆ. ತಂಡದಲ್ಲಿರುವ ರಷ್ಯಾದವನು, ಜರ್ಮನಿಯವನು ಮಾತಿಗೊಮ್ಮೆ ತಮ್ಮ ಭಾಷೆಯ ಒಂದು ಪದ ಸೇರಿಸುವುದು ಈಗ ಹಾಸ್ಯಾಸ್ಪದ. ಅಪಾಚೆ ಜನಾಂಗದ ಥಂಡರ್‌ಬರ್ಡ್‌ನನ್ನು ಬಂದ ಕೆಲವೇ ದಿನಕ್ಕೆ, 95ನೇ ಸಂಚಿಕೆಯಲ್ಲೇ, ಕೊಂದುಬಿಟ್ಟಿದ್ದು ಈಗ ಚುಚ್ಚುತ್ತದೆ. ಜೀನ್ ಕಥೆಯಲ್ಲೂ ಒಂದು ಕಸಿವಿಸಿ ಇದೆ. ಒಬ್ಬ ಗಂಡಸು ಅವಳ ಮನಸ್ಸಿನೊಳಗೆ ಹೊಕ್ಕು ಕೆಡಿಸುತ್ತಾನೆ, ಶಿಕ್ಷೆ ಮಾತ್ರ ಅವಳಿಗೆ. ಮೊದಲು ಬರೆದ ಮುಕ್ತಾಯದಲ್ಲಿ ಅವಳ ಶಕ್ತಿ ಕಿತ್ತುಕೊಂಡು ಬದುಕಲು ಬಿಡುತ್ತಾರೆ. ಆದರೆ 135ರಲ್ಲಿ ಅವಳು ಒಂದು ಸೂರ್ಯನನ್ನೇ ನುಂಗಿ ಐನೂರು ಕೋಟಿ ಜೀವಗಳನ್ನು ಕೊಂದಿದ್ದಳು. ಇದಕ್ಕೆ ಇಷ್ಟೇನಾ ಶಿಕ್ಷೆ ಎಂದು ಪ್ರಧಾನ ಸಂಪಾದಕ ಜಿಮ್ ಶೂಟರ್ ಪಟ್ಟು ಹಿಡಿದರು. 137ರ ಕೊನೆಯ ಪುಟಗಳನ್ನು ಹೊಸದಾಗಿ ಬರೆಯಬೇಕಾಯಿತು, ಜೀನ್ ಚಂದ್ರನ ಮೇಲೆ ತಾನೇ ಪ್ರಾಣ ಕೊಟ್ಟಳು. ಹಳೆಯ ಮುಕ್ತಾಯವನ್ನು 1984ರಲ್ಲಿ ಬೇರೆಯಾಗಿ ಅಚ್ಚು ಹಾಕಿದರು. ಅದನ್ನೂ ಓದಿದ್ದೇನೆ, ಸಪ್ಪೆ. ಸಂಪಾದಕರು ಮೂಗು ತೂರಿಸಿದ್ದರಿಂದ ಕಥೆ ಸುಧಾರಿಸಿದ ಅಪರೂಪದ ಉದಾಹರಣೆ ಇದು. (ನಾನೂ ಅದೇ ಕಸುಬಿನವನು, ಹಾಗಾಗಿ ಸ್ವಲ್ಪ ಪಕ್ಷಪಾತ ಇರಬಹುದು.)

138ನೇ ಸಂಚಿಕೆ ಹಾರಿಸಿದರೂ ನಷ್ಟವಿಲ್ಲ. ಜೀನ್ ಅಂತ್ಯಕ್ರಿಯೆಯಲ್ಲಿ ನಿಂತು ಸ್ಕಾಟ್ ಮೊದಲಿನಿಂದ ಎಲ್ಲವನ್ನೂ ನೆನಪಿಸಿಕೊಳ್ಳುತ್ತಾನೆ. ನೀವು ಅದನ್ನೆಲ್ಲ ಈಗಷ್ಟೇ ಓದಿ ಬಂದಿರುತ್ತೀರಿ.

ಏಳನೇ ಕ್ಲಾಸಿನ ಮಗಳಿಗೆ ಕೊಡಬಹುದಾ ಎಂದೂ ಕೇಳಿದ್ದೀರಿ. ಎಲ್ಲವನ್ನೂ ಬೇಡ, 143ನೇ ಸಂಚಿಕೆ ಒಂದನ್ನೇ ಕೊಡಿ. ಬರ್ನ್ ಅವರ ಕೊನೆಯ ಸಂಚಿಕೆ ಅದು. ಹೆಚ್ಚುಕಮ್ಮಿ ಅವಳದೇ ವಯಸ್ಸಿನ ಕಿಟ್ಟಿ ಪ್ರೈಡ್ ದೊಡ್ಡ ಮನೆಯಲ್ಲಿ ಒಬ್ಬಳೇ ಇರುತ್ತಾಳೆ, ಒಂದು ಪಿಶಾಚಿ ಒಳಗೆ ನುಗ್ಗುತ್ತದೆ. ಸಹಾಯಕ್ಕೆ ಯಾರೂ ಇಲ್ಲ. ಓಡಿ, ಅಡಗಿ, ಕೊನೆಗೆ ಜೆಟ್ ವಿಮಾನದ ಎಂಜಿನ್ ಚಾಲೂ ಮಾಡಿ ಅದನ್ನು ಸುಟ್ಟುಹಾಕುತ್ತಾಳೆ. ಹಿಂದಿನ ಕಥೆ ಏನೂ ಗೊತ್ತಿರಬೇಕಿಲ್ಲ. ಹಿಡಿಸಿದರೆ 129ಕ್ಕೆ ಅವಳೇ ಹೋಗುತ್ತಾಳೆ. ಹಿಡಿಸದಿದ್ದರೆ ಒತ್ತಾಯ ಮಾಡಬೇಡಿ.

— ಸಂಪಾದಕ