ಗ್ರಾಫಿಕ್ಸ್ ಕಾರ್ಡ್ ಇಲ್ಲದ ಪಿಸಿಗೆ 32 ಜಿಬಿ ರ‍್ಯಾಮ್ ಹಾಕಿದರೆ ಗೇಮ್ ಚೆನ್ನಾಗಿ ಓಡುತ್ತಾ?

8 ಜಿಬಿಯ ಒಂದೇ ಸ್ಟಿಕ್ ಇದೆ, ಫ್ರೆಂಡ್ 32 ಜಿಬಿ ಮಾಡಿಸಿದ ಮೇಲೆ ಎಫ್‌ಪಿಎಸ್ (ಸೆಕೆಂಡಿಗೆ ಪರದೆ ಮೇಲೆ ಬರುವ ಚಿತ್ರಗಳ ಸಂಖ್ಯೆ) ಸಿಕ್ಕಾಪಟ್ಟೆ ಏರಿದೆ, ನಾನೂ ಹಳೆಯದನ್ನು ತೆಗೆದು 32 ಜಿಬಿಯ ಒಂದು ಸ್ಟಿಕ್ ಹಾಕಲಾ ಅಂತ ಕೇಳಿದ್ದೀರಿ. ಹಾಕಬೇಡಿ. ನಿಮ್ಮ ಫ್ರೆಂಡ್ ಸುಳ್ಳು ಹೇಳುತ್ತಿಲ್ಲ. ಆದರೆ ಎಫ್‌ಪಿಎಸ್ ಏರಿದ್ದು ಯಾಕೆ ಅಂತ ಅವರಿಗೇ ಗೊತ್ತಿರಲಿಕ್ಕಿಲ್ಲ. ಇದೇ ಮಾತನ್ನು ಊರಿಗೆಲ್ಲ ಸಾರಿಕೊಂಡು ತಿರುಗಿದವನು ನಾನು.

ನನ್ನದು ರೈಝೆನ್ 5 5600ಜಿ ಪ್ರೊಸೆಸರ್. ಗ್ರಾಫಿಕ್ಸ್ ಅದರ ಒಳಗೇ ಇದೆ, ಬೇರೆ ಕಾರ್ಡ್ ಇಲ್ಲ. ಬೋರ್ಡ್‌ನಲ್ಲಿ ನಾಲ್ಕು ಸ್ಲಾಟ್. ಮೊದಲು 8 ಜಿಬಿಯ ಒಂದೇ ಸ್ಟಿಕ್ ಇತ್ತು. ಗೇಮ್ ನಡುವೆ ಗಕ್ಕಂತ ನಿಲ್ಲುತ್ತಿತ್ತು. ಸರಿ, 8+8ರ ಡಿಡಿಆರ್4 3200 ಜೋಡಿ ತಂದೆ (ಡಿಡಿಆರ್4 ಅನ್ನೋದು ರ‍್ಯಾಮ್‌ನ ತಲೆಮಾರು, 3200 ಅದರ ಸ್ಪೀಡ್). ಹಳೆಯದನ್ನು ತೆಗೆದು ಹೊಸ ಎರಡನ್ನೂ ಪ್ರೊಸೆಸರ್ ಹತ್ತಿರದ ಮೊದಲ ಎರಡು ಸ್ಲಾಟ್‌ಗೆ ಪಕ್ಕಪಕ್ಕ ಕೂರಿಸಿದೆ. ಜೋಡಿ ಅಲ್ವಾ, ಜೊತೆಗೇ ಇರಬೇಕು ಅನ್ನೋ ಲೆಕ್ಕ. ನಾಲ್ಕೂ ಸ್ಲಾಟ್ ಕಪ್ಪು ಬಣ್ಣ. ಪಕ್ಕದಲ್ಲಿ ಸಣ್ಣ ಬಿಳಿ ಅಕ್ಷರದಲ್ಲಿ ಏನೋ ಬರೆದಿತ್ತು, ಓದಲಿಲ್ಲ. ಕ್ಲಿಪ್ ಟಕ್ ಅಂದಿತು, ಪಿಸಿ ಆನ್ ಆಯಿತು, ವಿಂಡೋಸ್ 16 ಜಿಬಿ ತೋರಿಸಿತು. ಟಾಸ್ಕ್ ಮ್ಯಾನೇಜರ್‌ನಲ್ಲಿ ಸ್ಪೀಡ್ 3200, ಸ್ಲಾಟ್ 4ರಲ್ಲಿ 2. ಇನ್ನೇನು ಬೇಕು?

ಗಕ್ಕಂತ ನಿಲ್ಲುವುದು ಹೋಯಿತು. ಎಫ್‌ಪಿಎಸ್ ಮಾತ್ರ 30ರ ಆಸುಪಾಸಿನಲ್ಲೇ ಒದ್ದಾಡುತ್ತಿತ್ತು. 16 ಸಾಲದೇನೋ ಅಂದುಕೊಂಡು ಇನ್ನೂ ಒಂದು ಅಂಥದ್ದೇ ಜೋಡಿ ತಂದು ಖಾಲಿ ಇದ್ದ ಎರಡು ಸ್ಲಾಟನ್ನೂ ತುಂಬಿಸಿದೆ. ಅದೇ ಗೇಮ್, ಅದೇ ಸೆಟ್ಟಿಂಗ್, 45 ದಾಟಿತು! ಸಿಕ್ಕಸಿಕ್ಕವರಿಗೆಲ್ಲ "32 ಹಾಕಿ ನೋಡಿ" ಅಂತ ಉಪದೇಶ ಶುರು.

ಆಮೇಲೆ ತಮ್ಮ ಒಂದು ಪಿಸಿ ಜೋಡಿಸಿದ. ಅವನಿಗೆ ಒಂದು ಜೋಡಿ ಕೊಡಬೇಕಾಯಿತು. ಉಳಿದ ಎರಡನ್ನು ಎಲ್ಲಿ ಹಾಕಬೇಕು ಅಂತ ಅವನೇ ಮ್ಯಾನುಯಲ್ ತೆಗೆದು ನೋಡಿದ. ಎರಡನೇದು ಮತ್ತು ನಾಲ್ಕನೇದು ಅಂತ ಇತ್ತು. ಹಾಗೇ ಹಾಕಿದೆವು. ಅರ್ಧ ರ‍್ಯಾಮ್ ಹೋಯಿತಲ್ಲ, ಗೇಮ್ ಮತ್ತೆ ಮಲಗುತ್ತದೆ ಅಂತ ಕಾದರೆ ಎಫ್‌ಪಿಎಸ್ ಕದಲಲೇ ಇಲ್ಲ. ನಂಬಿಕೆ ಬರದೆ ಪಿಸಿ ಆಫ್ ಮಾಡಿ, ನಾಲ್ಕನೇ ಸ್ಲಾಟ್‌ನ ಸ್ಟಿಕ್ ಕಿತ್ತು ಒಂದನೇದಕ್ಕೆ ಹಾಕಿದೆ. ಮತ್ತೆ 30. ಅಂದರೆ ಎರಡನೇ ಜೋಡಿಗೆ ಕೊಟ್ಟ ದುಡ್ಡು ಸುಮ್ನೆ ಹೋಗಿತ್ತು. ಒಂದು ಸ್ಟಿಕ್ಕಿನ ಜಾಗ ಬದಲಿಸಿದ್ದರೆ ಆಗುತ್ತಿತ್ತು.

ವಿಷಯ ಇಷ್ಟು. ಪ್ರೊಸೆಸರ್ ಮತ್ತು ರ‍್ಯಾಮ್ ನಡುವೆ ಎರಡು ಚಾನೆಲ್, ಅಂದರೆ ಡೇಟಾ ಓಡಾಡುವ ದಾರಿಗಳು, ಇರುತ್ತವೆ. ನಾಲ್ಕು ಸ್ಲಾಟ್‌ನ ಬೋರ್ಡ್‌ನಲ್ಲಿ ಪ್ರೊಸೆಸರ್ ಕಡೆಯಿಂದ ಸಾಮಾನ್ಯವಾಗಿ ಎ1, ಎ2, ಬಿ1, ಬಿ2 ಅಂತ ಸಾಲು. ಆ ಬಿಳಿ ಅಕ್ಷರ ಅದೇ. ಎ1, ಎ2 ಎರಡೂ ಒಂದೇ ಚಾನೆಲ್‌ನ ಸ್ಲಾಟ್‌ಗಳು. ನನ್ನ ಎರಡೂ ಸ್ಟಿಕ್ ಅಲ್ಲೇ ಇದ್ದವು, ಬಿ ಚಾನೆಲ್ ಪೂರ್ತಿ ಖಾಲಿ. ಟ್ಯಾಂಕ್ ದೊಡ್ಡದು ಮಾಡಿ ನಲ್ಲಿ ಒಂದೇ ಬಿಟ್ಟ ಹಾಗೆ. ಡಿಡಿಆರ್4 3200ರಲ್ಲಿ ಒಂದು ಚಾನೆಲ್ ಸೆಕೆಂಡಿಗೆ ಹೆಚ್ಚೆಂದರೆ 25.6 ಜಿಬಿ ಸಾಗಿಸುತ್ತದೆ, ಎರಡೂ ಸೇರಿದರೆ 51.2. ಗ್ರಾಫಿಕ್ಸ್ ಕಾರ್ಡ್ ಇದ್ದವರಿಗೆ ಇದರ ಪೆಟ್ಟು ಅಷ್ಟು ಜೋರಾಗಿ ಬೀಳುವುದಿಲ್ಲ, ಕಾರ್ಡ್ ಮೇಲೆ ಅದರದ್ದೇ ಮೆಮೊರಿ ಇರುತ್ತದೆ. ನಮ್ಮಂಥವರಲ್ಲಿ ಗ್ರಾಫಿಕ್ಸ್ ಕೂಡ ಇದೇ ರ‍್ಯಾಮ್ ಮೇಲೆ ಬದುಕಬೇಕು. ಈ ಒಂದು ವಿಷಯವನ್ನು ಟಾಸ್ಕ್ ಮ್ಯಾನೇಜರ್ ತೋರಿಸುವುದೇ ಇಲ್ಲ! ಸಿಪಿಯು-ಝಡ್ ಅನ್ನೋ ಉಚಿತ ತಂತ್ರಾಂಶ ಹಾಕಿಕೊಂಡು ಮೆಮೊರಿ ಟ್ಯಾಬ್‌ನಲ್ಲಿ ಚಾನೆಲ್ ಅನ್ನೋ ಸಾಲು ನೋಡಬೇಕು. ಅಲ್ಲೇ ಫ್ರೀಕ್ವೆನ್ಸಿ 1600 ಅಂತ ಕಂಡರೆ ಗಾಬರಿ ಬೇಡ. ಡಿಡಿಆರ್‌ನಲ್ಲಿ ಅದರ ಎರಡರಷ್ಟೇ ನಿಜವಾದ ಲೆಕ್ಕ, ಅಂದರೆ 3200.

ಈಗ ನೀವು ಕೇಳಿದ 32 ಜಿಬಿಯ ಒಂಟಿ ಸ್ಟಿಕ್‌ಗೆ ಬನ್ನಿ. ಮುಂದೆ ಬೇಕಾದರೆ ಇನ್ನೊಂದು ಹಾಕಬಹುದು ಅಂತ ಇರಬಹುದು. ಆ ಮುಂದೆ ಬರುವ ತನಕ ಒಂದೇ ಚಾನೆಲ್‌ನಲ್ಲಿ ಆಡುತ್ತೀರಿ. 8 ಸಾಲದು ಅನ್ನುವುದು ನಿಜವೇ. ಒಳಗಿನ ಗ್ರಾಫಿಕ್ಸ್ ತನಗೆ ಅಂತ 2 ಜಿಬಿ ಎತ್ತಿಟ್ಟುಕೊಂಡರೆ ವಿಂಡೋಸ್, ಬ್ರೌಸರ್, ಗೇಮ್ ಎಲ್ಲ ಸೇರಿ ಉಳಿದ 6ರಲ್ಲಿ ಹೆಣಗಬೇಕು. ಅದು ತುಂಬಿದ ಮೇಲೆ ಡಿಸ್ಕ್‌ನಿಂದ ಎಳೆದಾಡುವಾಗಲೇ ಗೇಮ್ ಗಕ್ಕಂತ ನಿಲ್ಲುವುದು. ಗೇಮ್ ಆಡುತ್ತಾ ಟಾಸ್ಕ್ ಮ್ಯಾನೇಜರ್ ನೋಡಿ. ಮೆಮೊರಿ ಶೇ. 90 ಮೇಲೇ ಕೂತಿದ್ದರೆ ಜಿಬಿ ಕಡಿಮೆ ಬಿದ್ದಿದೆ. ಜಾಗ ಬೇಕಾದಷ್ಟಿದ್ದೂ ಎಫ್‌ಪಿಎಸ್ ಕಡಿಮೆ ಅಂದರೆ ಎಷ್ಟು ಜಿಬಿ ಸುರಿದರೂ ಪ್ರಯೋಜನ ಇಲ್ಲ.

ನನ್ನ ಕೇಳಿದರೆ 8+8ರ ಒಂದೇ ಕಿಟ್ ತೆಗೆದುಕೊಳ್ಳಿ. ಇರುವ 8ರ ಜೊತೆ ಅದೇ ಸ್ಪೀಡ್‌ನ ಇನ್ನೊಂದು 8 ಹಾಕಿದರೂ ಸಾಮಾನ್ಯವಾಗಿ ನಡೆಯುತ್ತದೆ, ಸ್ಪೀಡ್ ಬೇರೆ ಆದರೆ ಎರಡೂ ನಿಧಾನದ್ದರ ಸ್ಪೀಡ್‌ಗೇ ಇಳಿಯುತ್ತವೆ. ಡಿಡಿಆರ್4 ಬೋರ್ಡ್‌ಗೆ ಡಿಡಿಆರ್5 ಕೂರುವುದೇ ಇಲ್ಲ, ಕಚ್ಚಿನ ಜಾಗವೇ ಬೇರೆ. ಹಾಕಿದ ಮೇಲೆ ಪಿಸಿ ಆನ್ ಆಗುವಾಗಲೇ ತೆರೆಯುವ ಸೆಟ್ಟಿಂಗ್ ಪರದೆಯಾದ ಬಯೋಸ್‌ಗೆ ಹೋಗಿ ಎಕ್ಸ್‌ಎಂಪಿ ಆನ್ ಮಾಡಿ (ರ‍್ಯಾಮ್ ತನ್ನ ಮೇಲೆ ಬರೆದ ಸ್ಪೀಡ್‌ನಲ್ಲಿ ಓಡುವಂತೆ ಮಾಡುವ ಸೆಟ್ಟಿಂಗ್ ಅದು), ಕೆಲವು ಬೋರ್ಡ್‌ಗಳಲ್ಲಿ ಡಿಒಸಿಪಿ ಅಂತ ಇರುತ್ತದೆ. ಮಾಡದಿದ್ದರೆ 3200ರ ಕಿಟ್ 2133ರಲ್ಲೋ 2400ರಲ್ಲೋ ತೆವಳುತ್ತಿರಬಹುದು. ನಿಮ್ಮ ಬೋರ್ಡ್‌ನಲ್ಲಿ ಎರಡೇ ಸ್ಲಾಟ್ ಇದ್ದರೆ ಜಾಗದ ತಲೆನೋವು ಇಲ್ಲ, ಎರಡನ್ನೂ ತುಂಬಿಸಿ ಸಾಕು.

ಇಷ್ಟಾದ ಮೇಲೂ ಬೇಕಾದ ಗೇಮ್ ಓಡದಿದ್ದರೆ ಇನ್ನು ರ‍್ಯಾಮ್ ಕಡೆ ತಿರುಗಿಯೂ ನೋಡಬೇಡಿ. ಸದ್ಯಕ್ಕೆ ಗೇಮ್‌ನ ರೆಸಲ್ಯೂಷನ್ 1080ಪಿ ಬಿಟ್ಟು 720ಪಿಗೆ ಇಳಿಸಿ ಆಡಿ, 32 ಜಿಬಿಗೆ ಅಂತ ಇಟ್ಟ ದುಡ್ಡಿನಲ್ಲಿ ಉಳಿದಿದ್ದನ್ನು ಗ್ರಾಫಿಕ್ಸ್ ಕಾರ್ಡ್‌ಗೆ ಎತ್ತಿಡಿ.