ಮೂರು ಅಡತಿ ಅಂಗಡಿಗಳ ಫೈಲ್‌ನಲ್ಲಿ ಕಾಲಮ್ ಹೆಸರು, ಕ್ರಮ ಒಂದೇ ಥರ ಮಾಡೋದು ಹೇಗೆ?

ಮಹಾಲಿಂಗಪುರದ ಮೂರು ಅಡತಿ ಅಂಗಡಿಗಳಿಂದ ವಾರ ವಾರ ಬೆಲ್ಲದ ಲೆಕ್ಕ ಬರುತ್ತದೆ, ಬೆಲ್ಲದ ಮುದ್ದೆಗಳ ಎಣಿಕೆಗೆ ಒಬ್ಬರು ‘ಪೆಂಟಿ’ ಅಂತ ಹಾಕಿದರೆ ಇನ್ನೊಬ್ಬರು ‘ನಗ’ ಅಂತಾರೆ, ತೂಕದ ಕಾಲಮ್ ಒಬ್ಬೊಬ್ಬರದು ಒಂದೊಂದು ಕಡೆ, ಕಟ್ ಪೇಸ್ಟ್ ಮಾಡಿ ಸಾಕಾಗಿದೆ ಅಂದಿದ್ದೀರಿ. ನಾನೂ ಬಾಗಲಕೋಟೆಯಲ್ಲಿ ಇಂಥದ್ದೇ ಲೆಕ್ಕ ನೋಡುವವನು.

ಒಂದೇ ಸಲದ ಕೆಲಸವಾದರೆ ಎಕ್ಸೆಲ್‌ನಲ್ಲಿ ಕಾಲಮ್ ಆರಿಸಿ, ಶಿಫ್ಟ್ ಒತ್ತಿಕೊಂಡು ಅದರ ಅಂಚು ಹಿಡಿದು ಎಳೆಯಿರಿ. ಶಿಫ್ಟ್ ಇಲ್ಲದೆ ಎಳೆದರೆ ಪಕ್ಕದ ಕಾಲಮ್ ಮೇಲೆಯೇ ಹೋಗಿ ಕೂರುತ್ತದೆ. ನಿಮ್ಮದು ವಾರದ ಗೋಳು, ಹಾಗಾಗಿ ಪವರ್ ಕ್ವೆರಿ ಹಿಡಿಯಿರಿ, ಅಂದರೆ ಬೇರೆ ಫೈಲ್‌ಗಳ ಲೆಕ್ಕ ತಂದು ಒಪ್ಪ ಮಾಡುವ, ಆ ಹಂತಗಳನ್ನು ನೆನಪಿಟ್ಟುಕೊಳ್ಳುವ ಸಾಧನ. 2016ರಿಂದ ಈಚಿನ ಎಕ್ಸೆಲ್‌ನಲ್ಲಿ ಅದು ಒಳಗೇ ಇದೆ.

ಡೇಟಾ ಮೆನುವಿನ ಗೆಟ್ ಡೇಟಾದಿಂದ ಮೊದಲ ಅಂಗಡಿಯ ಫೈಲ್ ತೆಗೆದು ಟ್ರಾನ್ಸ್‌ಫಾರ್ಮ್ ಡೇಟಾ ಒತ್ತಿ. ತಲೆಬರಹದ ಮೇಲೆ ಎರಡು ಸಲ ಕ್ಲಿಕ್ ಮಾಡಿ ‘ನಗ’ ಇದ್ದದ್ದನ್ನು ‘ಪೆಂಟಿ’ ಮಾಡಿ. ಆಮೇಲೆ ಕಂಟ್ರೋಲ್ ಒತ್ತಿಕೊಂಡು ಬೇಕಾದ ಕಾಲಮ್‌ಗಳನ್ನು ಬೇಕಾದ ಕ್ರಮದಲ್ಲೇ ಒಂದೊಂದಾಗಿ ಒತ್ತುತ್ತಾ ಹೋಗಿ: ತಾರೀಖು, ರೈತರ ಹೆಸರು, ಪೆಂಟಿ, ತೂಕ, ದರ. ಬಲ ಕ್ಲಿಕ್, ರಿಮೂವ್ ಅದರ್ ಕಾಲಮ್ಸ್. ಬೇಡದ್ದು ಹೋಯಿತು, ಉಳಿದದ್ದು ನೀವು ಒತ್ತಿದ ಕ್ರಮದಲ್ಲೇ ಸಾಲಾಯಿತು. ಒಂದೇ ಏಟಿಗೆ ಎರಡು ಕೆಲಸ, ಆದರೂ ಇದನ್ನು ಯಾರೂ ಜಾಸ್ತಿ ಹೇಳಿಕೊಡಲ್ಲ.

ಉಳಿದ ಎರಡು ಅಂಗಡಿಗೂ ಹೀಗೇ ಬೇರೆ ಬೇರೆ ಕ್ವೆರಿ ಮಾಡಿ, ಅಪೆಂಡ್ ಕ್ವೆರೀಸ್‌ನಿಂದ ಮೂರನ್ನೂ ಸೇರಿಸಿ. ಅಪೆಂಡ್ ನೋಡುವುದು ಕಾಲಮ್ ಎಷ್ಟನೆಯದು ಅಂತಲ್ಲ, ಹೆಸರು ಏನು ಅಂತ. ಕ್ರಮ ಮೊದಲ ಕ್ವೆರಿಯದ್ದೇ ಉಳಿಯುತ್ತದೆ. ಹಾಗಾಗಿ ಹೆಸರು ಅಕ್ಷರಕ್ಷರ ಒಂದೇ ಇರಬೇಕು. ‘ತೂಕ’ ಆದಮೇಲೆ ಒಂದು ಖಾಲಿ ಸ್ಪೇಸ್ ಇದ್ದರೂ ಅದನ್ನು ಬೇರೆ ಕಾಲಮ್ ಅಂತಲೇ ತಿಳಿದು ಕೊನೆಗೆ ಹಚ್ಚುತ್ತದೆ, ಅರ್ಧ ಸಾಲುಗಳಲ್ಲಿ ನಲ್ (ಖಾಲಿ) ಅಂತ ಕಾಣುತ್ತದೆ. ಕಣ್ಣಿಗೆ ಮಾತ್ರ ಎರಡೂ ಒಂದೇ!

ಮುಂದಿನ ವಾರದ ಫೈಲನ್ನು ಅದೇ ಜಾಗದಲ್ಲಿ ಅದೇ ಹೆಸರಿನಿಂದ ಉಳಿಸಿ ರಿಫ್ರೆಶ್ ಆಲ್ ಒತ್ತಿದರೆ ಆಯಿತು. ಹಳೇ ವಾರದ್ದನ್ನು ಮೊದಲು ಬೇರೆ ಫೋಲ್ಡರ್‌ಗೆ ಹಾಕಿಡಿ. ಅಂಗಡಿಯವರು ಹೊಸ ಕಾಲಮ್ ಸೇರಿಸಿದ್ದರೆ ಚಿಂತೆಯಿಲ್ಲ. ಇದ್ದ ತಲೆಬರಹ ಬದಲಿಸಿದ್ದರೆ ಆ ಕಾಲಮ್ ಸಿಗುತ್ತಿಲ್ಲ ಅಂತ ಕ್ವೆರಿ ನಿಂತುಬಿಡುತ್ತದೆ. ನನಗಂತೂ ಅದೇ ಬೇಕು, ತಪ್ಪು ಲೆಕ್ಕ ಸುಮ್ನೆ ಒಳಗೆ ಬರೋದಕ್ಕಿಂತ ವಾಸಿ ಅಲ್ವಾ? ಮೂವರಿಗೂ ಒಂದೇ ನಮೂನೆ ಕೊಟ್ಟುಬಿಡಿ ಅಂತ ಕೆಲವರು ಸಲಹೆ ಕೊಡಬಹುದು. ಸೀಸನ್‌ನಲ್ಲಿ ಅಂಗಡಿಯ ಲೆಕ್ಕ ಬರೆಯುವ ದಿವಾನಜಿಗೆ ಅದನ್ನು ಹೇಳಿ ನೋಡಲಿ!

ಫೈಲ್ ಸಿಎಸ್‌ವಿ (ಅಲ್ಪವಿರಾಮದಿಂದ ಕಾಲಮ್ ಬೇರ್ಪಡಿಸಿದ ಬರೀ ಅಕ್ಷರದ ಫೈಲ್) ಆಗಿದ್ದರೆ ಇನ್ನೊಂದು ಮಾತು. ರೈತರ ಬ್ಯಾಂಕ್ ಖಾತೆ ನಂಬರ್ ಇದ್ದರೆ ನೇರವಾಗಿ ಎಕ್ಸೆಲ್‌ನಲ್ಲಿ ತೆರೆದು ಸೇವ್ ಮಾಡಬೇಡಿ. ಎಕ್ಸೆಲ್ 15 ಅಂಕಿವರೆಗೆ ಮಾತ್ರ ಸರಿಯಾಗಿ ಇಟ್ಟುಕೊಳ್ಳುತ್ತದೆ, ಮುಂದಿನವು ಸೊನ್ನೆ ಆಗುತ್ತವೆ. ಮೊದಲಲ್ಲಿರುವ ಸೊನ್ನೆಯೂ ಹಾರಿಹೋಗುತ್ತದೆ. ಪವರ್ ಕ್ವೆರಿಯಲ್ಲಿ ತಾನಾಗೇ ಬರುವ ಚೇಂಜ್ಡ್ ಟೈಪ್ ಹಂತ ಅಳಿಸಿ, ಆ ಕಾಲಮ್ಮನ್ನು ಟೆಕ್ಸ್ಟ್ ಮಾಡಿ. ಫೈಲ್ ತೆಗೆಯುವಾಗ ಕನ್ನಡ ಅಕ್ಷರ ಕಲಸಿಹೋಗಿ ಕಂಡರೆ ಅಲ್ಲೇ ಇರುವ ಫೈಲ್ ಒರಿಜಿನ್‌ನಲ್ಲಿ 65001 (ಯುನಿಕೋಡ್ ಯುಟಿಎಫ್-8) ಆರಿಸಿ.