ಕೈ ಕುಲುಕಿಸಿದರೆ ಮುಗಿಯಲ್ಲ

ಮೇಡಂ, ನಮಸ್ಕಾರ.

ನಿಮ್ಮ ತರಗತಿಯ ಹುಡುಗನೊಬ್ಬನನ್ನು ಮೂವರು ದಿನಾ ಗೋಳುಹೊಯ್ದುಕೊಳ್ಳುತ್ತಾರೆ, ನಾಲ್ವರನ್ನೂ ಒಟ್ಟಿಗೆ ನಿಲ್ಲಿಸಿ ಕೈ ಕುಲುಕಿಸಿದರೂ ವಾರದಲ್ಲೇ ಮತ್ತೆ ಶುರುವಾಯಿತು ಎಂದು ಬರೆದಿದ್ದೀರಿ. ‘ಪಾಠ ಮಾಡಲೋ, ಇವರನ್ನು ಕಾಯುತ್ತಾ ಕೂರಲೋ’ ಎಂದೂ ಕೇಳಿದ್ದೀರಿ.

ನೇರವಾಗಿ ಹೇಳ್ತೀವಿ, ಆ ರಾಜಿ ಪಂಚಾಯ್ತಿ ಬೇಡವಾಗಿತ್ತು. ಜಗಳಕ್ಕೆ ರಾಜಿ ಸರಿ, ಅಲ್ಲಿ ಇಬ್ಬರೂ ಸಮಸಮ. ಇದು ಬೇರೆ, ಒಬ್ಬನನ್ನೇ ಹಿಡಿದು ಕಾಡುವುದು (ಬುಲ್ಲಿಯಿಂಗ್). ನಾರ್ವೆಯ ಮನಶ್ಶಾಸ್ತ್ರಜ್ಞ ಡ್ಯಾನ್ ಓಲ್ವೇಯಸ್ 1970ರ ದಶಕದಿಂದ ಇದನ್ನೇ ಅಧ್ಯಯನ ಮಾಡಿದವರು. ಬೇಕಂತಲೇ, ಮತ್ತೆ ಮತ್ತೆ ನೋಯಿಸುವುದು, ನೋಯುವವನಿಗೆ ಎದುರು ನಿಲ್ಲುವ ಬಲ ಇಲ್ಲದಿರುವುದು ಇದರ ಗುರುತು ಎಂದರು. ಅಂಥವನನ್ನು ಆ ಮೂವರ ಮುಂದೆಯೇ ‘ಏನಾಯ್ತಪ್ಪಾ’ ಎಂದು ಕೇಳಿದರೆ ‘ಏನಿಲ್ಲ ಮಿಸ್’ ಎನ್ನದೆ ಇನ್ನೇನು ಅಂದಾನು? ಅವನೊಬ್ಬನೇ ಇದ್ದಾಗ ಮಾತಾಡಿಸಿ. ಆ ಮೂವರನ್ನೂ ಒಬ್ಬೊಬ್ಬರಾಗಿ ಕರೆಯಿರಿ. ಗುಂಪಿನಲ್ಲಿರುವ ಧೈರ್ಯ ಒಂಟಿಯಾದಾಗ ಇರಲ್ಲ. ಯಾರು ಹೇಳಿದರು ಅನ್ನೋದನ್ನು ಮಾತ್ರ ಬಾಯಿಬಿಡಬೇಡಿ.

ಜಾಸ್ತಿ ಕೆಲಸ ಇರುವುದು ಸುತ್ತ ನಿಂತು ನಗುವವರ ಹತ್ತಿರ. ಶಾಲೆಗಳಲ್ಲಿ ಇಂಥ ಕಾಟ ತಡೆಯಲು ಫಿನ್ಲೆಂಡಿನ ತುರ್ಕು ವಿಶ್ವವಿದ್ಯಾಲಯ ರೂಪಿಸಿದ ‘ಕಿವಾ’ ಕಾರ್ಯಕ್ರಮ ಇದರ ಮೇಲೇ ನಿಂತಿದೆ. ನೋಡುವವರು ನಗದಿದ್ದರೆ ಕಾಡುವವನಿಗೆ ಮಜಾ ಇಲ್ಲ. ಅಲ್ಲಿ ಶಿಕ್ಷಕರು ತರಗತಿಯಲ್ಲಿ ಮಾತು ನಡೆಯುವ, ಮನಸ್ಸು ಒಳ್ಳೆಯದಿರುವ ಕೆಲವು ಮಕ್ಕಳನ್ನು ಕರೆದು ‘ಅವನ ಜೊತೆಗಿರಿ’ ಎಂದು ಕೇಳಿಕೊಳ್ಳುತ್ತಾರೆ. ಊಟಕ್ಕೆ ಪಕ್ಕದಲ್ಲಿ ಕೂತರೂ ಆಯಿತು.

ಹಾಜರಿ ಕೂಗುವಾಗ ಅವನ ಹೆಸರಿಗೆ ಹಿಂದಿನ ಬೆಂಚಿನಿಂದ ಕಿಸಕ್ಕನೆ ನಗು ಬರುತ್ತಾ? ಪೆನ್ನು ಕೆಳಗಿಟ್ಟು ಆ ಕಡೆ ನೋಡಿ. ಬೈಯಬೇಕಿಲ್ಲ. ಕೇಳಿಸದ ಹಾಗೆ ಮುಂದಿನ ಹೆಸರು ಕೂಗಿದರೆ ಮಿಸ್ ಏನೂ ಅನ್ನಲ್ಲ ಅಂತ ಮಕ್ಕಳಿಗೆ ಗೊತ್ತಾಗಿಬಿಡುತ್ತೆ. ಮೇಷ್ಟ್ರೇ ‘ಏ ಕುಳ್ಳ, ಬೋರ್ಡ್ ಒರೆಸು’ ಅನ್ನುವುದಂತೂ ಇನ್ನೂ ಕೆಟ್ಟದ್ದು. (ನೀವು ಅನ್ನಲ್ಲ, ಬಿಡಿ. ಸ್ಟಾಫ್ ರೂಮಿನಲ್ಲಿ ಅನ್ನುವವರು ಇರ್ತಾರೆ ಅಲ್ವಾ?) ಆಟಕ್ಕೆ ಟೀಂ ಮಾಡುವಾಗ ಮಕ್ಕಳೇ ಆರಿಸಿಕೊಳ್ಳಲು ಬಿಡಬೇಡಿ. ಕೊನೆಗೆ ಉಳಿಯುವವನು ಯಾರೆಂದು ಎಲ್ಲರಿಗೂ ಮೊದಲೇ ಗೊತ್ತು. ಸುಮ್ನೆ ಒಂದು, ಎರಡು ಎಂದು ಎಣಿಸಿ ಗುಂಪು ಮಾಡಿ.

ಇನ್ನು ಕಾಯುವ ಮಾತು. ಬೆಲ್ ಹೊಡೆದ ಮೇಲೆ ಮೆಟ್ಟಿಲ ಹತ್ತಿರ, ಶೌಚಾಲಯದ ಕಡೆ ಯಾರಾದರೂ ದೊಡ್ಡವರು ಇರಬೇಕು. ಅದು ನಿಮ್ಮೊಬ್ಬರಿಂದ ಆಗಲ್ಲ. ಶಿಕ್ಷಕರೆಲ್ಲ ಸರದಿ ಹಾಕಿಕೊಳ್ಳುವಂತೆ ಮುಖ್ಯೋಪಾಧ್ಯಾಯರಿಗೆ ಹೇಳಿ. ಎರಡು ವಾರ ಬಿಟ್ಟು ಹುಡುಗನನ್ನು ಮತ್ತೆ ವಿಚಾರಿಸಿ. ‘ಈಗ ಸರಿಯಿದೆ ಮಿಸ್’ ಅಂದರೂ ಕೆಲವು ದಿನ ಬಿಟ್ಟು ಇನ್ನೊಮ್ಮೆ ಕೇಳಿ.

– ಸಂಪಾದಕ